ಕತ್ತರಿಪಾಲು

ವ್ಯಂಗ್ಯಚಿತ್ರ ಬರೆಯುವವನಿಗೆ ಯಾರು ತಾನೇ ಒಳ್ಳೆಯ ಹೆಸರಿಟ್ಟಾರು? ಇವನಿಗೆ ಗೀಚಪ್ಪ ಎಂದು ಬಿತ್ತು. ಪತ್ರಿಕೆಯ ಕಚೇರಿಯಲ್ಲಿ ಯಾರೋ ತಮಾಷೆಗೆ ಕರೆದದ್ದು ಬೀದಿಗೆ ಹರಡಿ, ಕೊನೆಗೆ ಹೆತ್ತ ತಾಯಿಯ ಬಾಯಿಗೂ ಹತ್ತಿತು. ಸಿಟ್ಟು ಬಂದಾಗ ಅವಳು ಅದೇ ಹೆಸರಿನಿಂದ ಕೂಗುತ್ತಿದ್ದಳು. ಸಿಟ್ಟೋ, ದಿನವೂ ಬರುತ್ತಿತ್ತು. ಬರದೆ ಇನ್ನೇನು? ಅಂಗಡಿಗಳ ಬೋರ್ಡು ಬರೆಯುತ್ತಿದ್ದ ಗಂಡ ಏಣಿಯಿಂದ ಬಿದ್ದು ಹೋಗಿಬಿಟ್ಟಿದ್ದ. ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ಅವಳು ಸಿಪಾಯಿಗಳ ಸಮವಸ್ತ್ರ ಹೊಲಿಯುವ ಕಾರ್ಖಾನೆ ಸೇರಿದ್ದಳು. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಒಬ್ಬಳು ಬರೀ ಕಾಲರು, ಇನ್ನೊಬ್ಬಳು ಬರೀ ಜೇಬು. ಇವಳ ಪಾಲಿಗೆ ಬಂದದ್ದು ಗುಂಡಿಯ ಕಾಜಾ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕಾಜಾ ಹೊಲಿದು ಹೊಲಿದು ಬಲಭುಜ ಎಡಭುಜಕ್ಕಿಂತ ಕೆಳಗೆ ಇಳಿದುಹೋಗಿತ್ತು. ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕಿದ ಹೊಲಿಗೆಯ ಕಬ್ಬಿಣದ ಟೋಪಿಯನ್ನು ಮನೆಗೆ ಬಂದ ಮೇಲೂ ತೆಗೆಯಲು ಮರೆಯುತ್ತಿದ್ದಳು. ಅದೇ ಬೆರಳಿನಿಂದ ಮಕ್ಕಳ ತಲೆಗೆ ಕುಟ್ಟಿದರೆ ನಕ್ಷತ್ರ ಕಾಣುತ್ತಿತ್ತು.

ಮನೆಯೆಂದರೆ ಒಂದೂವರೆ ಕೋಣೆ. ಆ ಅರೆಕೋಣೆಯಲ್ಲಿ ಅಣ್ಣತಮ್ಮ ಇಬ್ಬರಿಗೂ ಒಂದೇ ಮಂಚ, ಮಂಚದ ಕೆಳಗೆ ಅಪ್ಪ ಬಿಟ್ಟುಹೋದ ಬಣ್ಣದ ಡಬ್ಬಗಳು. ತಮ್ಮ ಆ ಬಣ್ಣದಲ್ಲಿ ಗೋಡೆಯ ಮೇಲೆ ಮನೆ ಮಾಲೀಕನನ್ನು ಬರೆದ. ಮುಖ ಬೀಗದ ಹಾಗೆ, ಬಾಯಿ ಬೀಗದ ತೂತಿನ ಹಾಗೆ. ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಬಾಡಿಗೆ ಕೇಳಲು ಬಂದ ಮಾಲೀಕ ನಗಲಿಲ್ಲ. ತಾಯಿ ಇಬ್ಬರಿಗೂ ಕುಟ್ಟಿ, ಗೋಡೆಗೆ ಸುಣ್ಣ ಬಳಿದಳು. ಬಳಿಯುವಾಗ ಅವಳ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ಹೆದರಿ ಅಣ್ಣ ಹತ್ತಿರ ಹೋಗಿ ನೋಡಿದರೆ ಅವಳೂ ನಗುತ್ತಿದ್ದಳು.

ಆಮೇಲೆ ಯುದ್ಧ ಬಂತು. ಯಾಕೆ ಬಂತೆಂದು ಇವತ್ತು ಇಬ್ಬರನ್ನು ಕೇಳಿದರೆ ಎರಡು ಉತ್ತರ ಸಿಗುತ್ತದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ದೊಡ್ಡವರು ನಕ್ಷೆಯ ಮೇಲೆ ಗೆರೆ ಎಳೆದರು, ಬೀದಿಯ ಹುಡುಗರು ಹೋಗಿ ಸಾಲಿನಲ್ಲಿ ನಿಂತರು. ಅಣ್ಣನನ್ನು ತೆಗೆದುಕೊಂಡರು. ತಮ್ಮನದು ಚಪ್ಪಟೆ ಪಾದ. ಈ ಕಾಲಿಟ್ಟುಕೊಂಡು ನೀನು ಶತ್ರುವನ್ನು ಮುಟ್ಟುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ ಎಂದು ಸೈನ್ಯದ ಡಾಕ್ಟರು ಹಾಸ್ಯ ಮಾಡಿ ಮನೆಗೆ ಕಳಿಸಿದ. ಹಾಸ್ಯ! ಚೆನ್ನಾಗಿರುವ ಕಾಲುಗಳಿಗೆ ಅವರು ಏನು ಮಾಡಿದರೆಂದು ಕೇಳಿ.

ಅಣ್ಣ ಒಂದೇ ಸಲ ರಜೆಯ ಮೇಲೆ ಬಂದಿದ್ದ. ಬಂದವನು ಬಾಗಿಲಲ್ಲೇ ಕೂತು ಬೂಟು ಬಿಚ್ಚಿದ. ಅಟ್ಟೆಯನ್ನು ಹಗ್ಗದಿಂದ ಕಟ್ಟಿಕೊಂಡಿದ್ದ. ಇದು ಚರ್ಮ ಅಲ್ಲ ಕಣೋ, ರಟ್ಟು, ಒದ್ದೆಯಾದರೆ ಬಾಯಿ ಬಿಡುತ್ತದೆ ಎಂದು ತಮ್ಮನಿಗೆ ಬಿಡಿಸಿ ತೋರಿಸಿದ. ಬೂಟಿನ ಗುತ್ತಿಗೆ ಅಳಿಯನಿಗೆ ಹೋಗಿದೆಯಂತೆ ಎಂದು ಸಭೆಯಲ್ಲಿ ಯಾರೋ ಕೇಳಿದಾಗ ರಕ್ಷಣಾ ಮಂತ್ರಿ ಎದೆ ಮುಟ್ಟಿಕೊಂಡು, ಗುತ್ತಿಗೆ ಕೊಟ್ಟಿರುವುದು ಒಂದು ಕಂಪನಿಗೆ, ಸಂಬಂಧಿಕರಿಗಲ್ಲ ಎಂದಿದ್ದ. ಕಂಪನಿ ಯಾರದು? ಅಳಿಯನದಲ್ಲ, ಮಗಳ ಗಂಡನದು. ಸೈನ್ಯ ಹಿಮ್ಮೆಟ್ಟುವಾಗ ಕೆಸರಿನಲ್ಲಿ ಬರಿಗಾಲಾಗಿ, ಓಡಲಾರದೆ ಹಿಂದೆ ಉಳಿದವರಲ್ಲಿ ಅಣ್ಣನೂ ಒಬ್ಬ. ಜೊತೆಗಿದ್ದವನೊಬ್ಬ ಊರುಗೋಲಿನಲ್ಲಿ ಮನೆಗೆ ಬಂದು ಇಷ್ಟನ್ನು ಹೇಳಿಹೋದ. ಸರ್ಕಾರ ಮಾತ್ರ ಅಣ್ಣ ಎದೆಯೊಡ್ಡಿ ಮುನ್ನುಗ್ಗಿ ಸತ್ತನೆಂದು ಪ್ರಕಟಿಸಿತು.

ಹುತಾತ್ಮರ ತಾಯಂದಿರನ್ನೆಲ್ಲ ದೊಡ್ಡ ಸಭಾಂಗಣಕ್ಕೆ ಕರೆಸಿ ಪದಕ ಕೊಟ್ಟರು. ಮಾರನೆಯ ದಿನದ ಪತ್ರಿಕೆಗಳಲ್ಲಿ ಗೀಚಪ್ಪನ ತಾಯಿಯ ಫೋಟೋ ಬಂತು. ಇಳಿದ ಭುಜದ ಹೆಂಗಸು ಮಂತ್ರಿಯ ಮುಂದೆ ಕೈಯೊಡ್ಡಿ ನಿಂತಿದ್ದಾಳೆ, ಕೆಳಗೆ 'ಧನ್ಯಳಾದ ತಾಯಿ' ಎಂದು ಬರಹ. ಅವಳು ಮನೆಗೆ ಬಂದು ಪದಕವನ್ನು ಅಕ್ಕಿ ಅಳೆಯುವ ಡಬ್ಬದ ಪಕ್ಕ ಇಟ್ಟು, ಮಗನಿಗೆ ನಿಜ ಹೇಳಿದಳು. ಪದಕಕ್ಕಲ್ಲ ಅವಳು ಕೈ ಚಾಚಿದ್ದು. ಮಗನ ಬೂಟು ಕೊಡಿ, ಅದೊಂದಾದರೂ ಮನೆಯಲ್ಲಿರಲಿ ಎಂದು ಕೇಳಿದ್ದಳು. ಮಂತ್ರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತು. ಚಾಚಿದ ಕೈಯಲ್ಲಿ ಪದಕ ಇಟ್ಟು ಕ್ಯಾಮೆರಾದ ಕಡೆಗೆ ತಿರುಗಿದ.

ಅಲ್ಲಿಂದ ಗೀಚಪ್ಪನ ಕೈ ಸುಮ್ಮನಿರಲಿಲ್ಲ. ಅಪ್ಪನ ಹಾಗೆ ಬೋರ್ಡು ಬರೆಯುತ್ತಿದ್ದವನು ಕುಂಚ ತೊಳೆದಿಟ್ಟು ಒಂದು ದಿನಪತ್ರಿಕೆ ಸೇರಿದ. ಅವನ ಮೇಜು ಮಹಡಿಯ ಮೇಲೆ ಕಿಟಕಿಯ ಪಕ್ಕದಲ್ಲಿತ್ತು, ಕೆಳಗೆ ಮುದ್ರಣ ಯಂತ್ರ. ಯಂತ್ರ ತಿರುಗಲು ಶುರುವಾದರೆ ಮಸಿಬಾಟಲಿಯಲ್ಲಿ ಮಸಿ ನಡುಗುತ್ತಿತ್ತು. ನೇರ ಗೆರೆಗಳನ್ನೆಲ್ಲ ಅದಕ್ಕೆ ಮುಂಚೆ ಎಳೆದುಕೊಂಡು, ನಡುಗಿದರೂ ಪರವಾಗಿಲ್ಲದ ಹೊಟ್ಟೆ, ಗಲ್ಲ, ಮೀಸೆಗಳನ್ನು ಆಮೇಲೆ ಬರೆಯುತ್ತಿದ್ದ. ಮಂತ್ರಿಯ ಗಲ್ಲಕ್ಕೆ ಯಂತ್ರದ ನಡುಕ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತೆಂದರೆ, ಅದು ಅವನ ಶೈಲಿ ಎಂದು ಜನ ಹೊಗಳಿದಾಗ ಅವನು ಬಾಯಿ ಬಿಡುತ್ತಿರಲಿಲ್ಲ.

ಬರೆದದ್ದೆಲ್ಲ ಅಚ್ಚಾಗುತ್ತಿತ್ತೇ? ಅಷ್ಟು ಸುಲಭವೇ? ಪ್ರತಿ ಪುಟವೂ ಸರ್ಕಾರದ ಪರಿಶೀಲನಾ ಕಚೇರಿಗೆ ಹೋಗಿ ಮೊಹರು ಹಾಕಿಸಿಕೊಂಡು ಬರಬೇಕು. ಅಲ್ಲಿ ಕೂತಿದ್ದ ಅಧಿಕಾರಿಯನ್ನು ಪತ್ರಿಕೆಯವರು ಕೆಂಪು ಪೆನ್ಸಿಲ್ಲು ಎಂದು ಕರೆಯುತ್ತಿದ್ದರು. ಅವನಿಗೂ ಹೆಂಡತಿ ಮಕ್ಕಳಿದ್ದರಂತೆ, ಒಳ್ಳೆಯವನೇ ಅಂತೆ. ಇರಲಿ. ಹೆಂಡತಿ ಮಕ್ಕಳು ಯಾರಿಗಿಲ್ಲ? ಅವನ ಕಷ್ಟ ಇಷ್ಟು: ಏನನ್ನೂ ಹೊಡೆದುಹಾಕದೆ ಪುಟ ವಾಪಸು ಕಳಿಸಿದರೆ, ಕುರ್ಚಿಯಲ್ಲಿ ನಿದ್ದೆ ಮಾಡುತ್ತಿದ್ದೀಯಾ ಎಂದು ಮೇಲಿನವರು ಕೇಳುತ್ತಿದ್ದರು. ಹಾಗಾಗಿ ಏನಾದರೊಂದನ್ನು ಅವನು ಕತ್ತರಿಸಲೇಬೇಕಿತ್ತು. ಶುರುವಿನಲ್ಲಿ ಗೀಚಪ್ಪನ ಚಿತ್ರಗಳ ಜೀವವೇ ಹೋಗುತ್ತಿತ್ತು. ಆಗ ಸಂಪಾದಕ ಮುದುಕ ಅವನನ್ನು ಪಕ್ಕಕ್ಕೆ ಕರೆದು ಕಸುಬಿನ ಗುಟ್ಟು ಹೇಳಿಕೊಟ್ಟ.

"ಅವನಿಗೆ ಕತ್ತರಿಸೋಕೆ ನೀನೇ ಏನಾದ್ರೂ ಕೊಡಪ್ಪ. ಕೊಡದಿದ್ರೆ ನಿನಗೆ ಬೇಕಾದ್ದನ್ನೇ ಕತ್ತರಿಸ್ತಾನೆ."

ಅಂದಿನಿಂದ ಚಿತ್ರದ ಬಲಗಡೆಯ ಕೆಳಮೂಲೆ ಕತ್ತರಿಗೆ ಮೀಸಲಾಯಿತು. ಅಲ್ಲಿ ಬೇಕೆಂದೇ ಒಂದು ಕೆಟ್ಟ ಚಿತ್ರ. ಚಡ್ಡಿಯಲ್ಲಿ ನಿಂತ ಸೇನಾಪತಿ, ಪದಕ ಕಟ್ಟಿಕೊಂಡ ಕತ್ತೆ, ಇಂಥದ್ದು. ಕೆಂಪು ಪೆನ್ಸಿಲ್ಲು ಅದನ್ನು ಕಂಡ ಕೂಡಲೇ ಬೇಟೆ ಸಿಕ್ಕವನಂತೆ ಅಡ್ಡಗೆರೆ ಎಳೆದು, ಉಳಿದದ್ದಕ್ಕೆ ಮೊಹರು ಒತ್ತುತ್ತಿದ್ದ. ನಿಜವಾದ ಏಟು ಚಿತ್ರದ ನಡುವೆ ಸಂಭಾವಿತನ ಹಾಗೆ ಕೂತು ಪಾರಾಗುತ್ತಿತ್ತು. ಕಚೇರಿಯಲ್ಲಿ ಇದಕ್ಕೆ ಕತ್ತರಿಪಾಲು ಎಂದು ಹೆಸರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಓದುಗರಿಗೆ ದಿನವೂ ಕಾಣುತ್ತಿದ್ದದ್ದು ಒಂದು ಬಿಳಿಯ ಮೂಲೆ ಮಾತ್ರ. ಅಲ್ಲಿ ಏನಿತ್ತೆಂದು ಅವರು ಊಹಿಸಿ ನಗುತ್ತಿದ್ದರು, ಕಂಡವರು ಒಬ್ಬರೂ ಇಲ್ಲ.

ಆದರೆ ಕತ್ತರಿಗೂ ರುಚಿ ಬೆಳೆಯುತ್ತದೆ. ಸೇನಾಪತಿಯ ಚಡ್ಡಿ ನೋಡಿ ನೋಡಿ ಕೆಂಪು ಪೆನ್ಸಿಲ್ಲಿಗೆ ಬೇಸರ ಬಂತು, ಅದನ್ನು ಬಿಟ್ಟು ನಡುವೆ ಕಣ್ಣು ಹಾಯಿಸತೊಡಗಿದ. ಕತ್ತರಿಪಾಲು ಇನ್ನೂ ಕೆಟ್ಟದಾಗಬೇಕಾಯಿತು. ಕಂಡರೆ ಮೈ ಉರಿಯಬೇಕು, ಅಂಥದ್ದು. ಸರ್ಕಾರ ಆ ಹೊತ್ತಿಗೆ ಹುತಾತ್ಮರ ತಾಯಂದಿರನ್ನು ಎಲ್ಲ ವೇದಿಕೆಗಳಲ್ಲೂ ಸಾಲಾಗಿ ಕೂರಿಸಿ, ಅವರ ಹೆಸರಿನಲ್ಲಿ ಓಟು ಕೇಳುತ್ತಿತ್ತು. ಅವರ ಮೇಲೆ ಒಂದು ಗೆರೆ ತಪ್ಪಿದರೂ ಕೆಂಪು ಪೆನ್ಸಿಲ್ಲಿನ ತಲೆ ಹೋಗುತ್ತಿತ್ತು. ಗೀಚಪ್ಪ ಅದನ್ನೇ ಹಿಡಿದುಕೊಂಡ. ಮುಖವಿಲ್ಲದ ಒಬ್ಬ ಹೆಂಗಸು, ಮಂತ್ರಿಯ ಬೂಟು ನೆಕ್ಕುತ್ತಿರುವ ತಾಯಿ. ಹೇಗೂ ಕಸದ ಬುಟ್ಟಿಗೆ ಹೋಗುವುದು ತಾನೇ? ಬರೆಯುವಾಗ ಅವನಿಗೆ ನಾಚಿಕೆಯಾಗಲಿಲ್ಲ. ನಾಚಿಕೆಗೆಲ್ಲ ಬಿಡುವಿರಲಿಲ್ಲ, ಕೆಳಗೆ ಯಂತ್ರ ಕಾಯುತ್ತಿತ್ತು.

ಚುನಾವಣೆಯ ವರ್ಷ ಅವನು ಬರೆದ ಚಿತ್ರವನ್ನು ಆ ಊರಿನವರು ಇವತ್ತಿಗೂ ಮರೆತಿಲ್ಲ. ಮಂತ್ರಿ 'ನಮ್ಮ ನಾಡಿನ ಗಟ್ಟಿ ತಳಪಾಯ' ಎಂದು ಭಾಷಣ ಮಾಡುತ್ತಿದ್ದಾನೆ. ನಿಂತಿರುವ ವೇದಿಕೆ ಬಾಯಿ ಬಿಟ್ಟ ಬೂಟುಗಳ ರಾಶಿ. ಕೆಂಪು ಪೆನ್ಸಿಲ್ಲು ಮೂಲೆಯ ಹೆಂಗಸನ್ನು ಹೊಡೆದುಹಾಕುವ ಅವಸರದಲ್ಲಿ ಬೂಟುಗಳನ್ನು ಕಲ್ಲೆಂದುಕೊಂಡ. ಬೆಳಗಾಗುವ ಹೊತ್ತಿಗೆ ಮಂತ್ರಿಯ ಮನೆಯ ಗೇಟಿನ ಮುಂದೆ ಜನ ಹರಿದ ಬೂಟು ತಂದು ಎಸೆದಿದ್ದರು. ಪರಿಣಾಮವೇನು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು. ಪತ್ರಿಕೆಗೆ ಬೀಗ ಬಿತ್ತು, ಸಂಪಾದಕ ಮುದುಕ ಜೈಲಿಗೆ, ಕೆಂಪು ಪೆನ್ಸಿಲ್ಲನ್ನೂ ಕೆಲಸದಿಂದ ಕತ್ತರಿಸಿಹಾಕಿದರು. ಮಂತ್ರಿ ಮಾತ್ರ ಆ ಚುನಾವಣೆಯನ್ನು ಗೆದ್ದು, ಮುಂದೆ ಎಲ್ಲಕ್ಕಿಂತ ದೊಡ್ಡ ಕುರ್ಚಿಯನ್ನೇ ಏರಿದ. ನ್ಯಾಯ ಎಲ್ಲಿದೆ ಎಂದು ಕೇಳಬೇಡಿ. ನನಗೆ ಗೊತ್ತಿದ್ದರೆ ಇದನ್ನು ಬರೆಯುತ್ತ ಕೂರುತ್ತಿರಲಿಲ್ಲ.

ಪೊಲೀಸರು ಬರುವ ಮೊದಲು ತಾಯಿ ಮಗನನ್ನು ಹಿಂಬಾಗಿಲಿನಿಂದ ಕಳಿಸಿದಳು. ಕಳಿಸುವಾಗ ಅತ್ತು ಕರೆಯಲಿಲ್ಲ. "ಒಬ್ಬನನ್ನ ಮಣ್ಣಿಗೆ ಕೊಟ್ಟಿದೀನಿ. ನೀನು ಎಲ್ಲಾದ್ರೂ ಇರು, ಇದ್ರೆ ಸಾಕು" ಎಂದಳು. ಸರಕು ಗಾಡಿಗಳಲ್ಲಿ, ಆಮೇಲೆ ಕಾಲ್ನಡಿಗೆಯಲ್ಲಿ, ಆ ಚಪ್ಪಟೆ ಪಾದಗಳೇ ಅವನನ್ನು ಗಡಿ ದಾಟಿಸಿದವು.

ಹೊಸ ದೇಶದ ಕಚೇರಿಯಲ್ಲಿ ನೀನು ವ್ಯಂಗ್ಯಚಿತ್ರಕಾರ ಎನ್ನುವುದಕ್ಕೆ ಪುರಾವೆ ಏನೆಂದು ಕೇಳಿದರು. ಪುರಾವೆಯೆಲ್ಲ ಬೀಗ ಹಾಕಿದ ಕಚೇರಿಯಲ್ಲಿತ್ತು. ಅವನು ಕೇಳಿದವನನ್ನೇ ಅಲ್ಲಿದ್ದ ಹಾಳೆಯ ಹಿಂಭಾಗದಲ್ಲಿ ಬರೆದುಕೊಟ್ಟ. ಅಧಿಕಾರಿ ಮುಖ ಗಂಟಿಕ್ಕಿಕೊಂಡು ಹಾಳೆ ಹಿಡಿದು ಒಳಗೆ ಹೋದ. ಒಳಕೋಣೆಯಿಂದ ಜೋರಾಗಿ ನಗು ಕೇಳಿಸಿತು, ಸ್ವಲ್ಪ ಹೊತ್ತಿಗೆ ಮೊಹರು ಬಿತ್ತು. ಇರಲು ಜಾಗವಾಯಿತು, ತಿನ್ನಲು ಕೆಲಸ ಬೇಕಲ್ಲ? ಬಟ್ಟೆ ಅಂಗಡಿಗಳ ಗಾಜಿನ ಹಿಂದೆ ನಿಲ್ಲಿಸುವ ಗೊಂಬೆಗಳಿಗೆ ಕಣ್ಣು ಹುಬ್ಬು ಬರೆಯುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಹುಟ್ಟುಗುಣ ಸುಟ್ಟರೂ ಹೋದೀತೇ? ನಿನ್ನ ಗೊಂಬೆಗಳು ಗಿರಾಕಿಗಳನ್ನು ನೋಡಿ ಕಿಸಕ್ಕೆಂದು ನಗುತ್ತಿವೆ ಎಂದು ಅಂಗಡಿಯವರಿಂದ ದೂರು ಬಂತು. ಆ ದೂರು ಒಂದು ವಾರಪತ್ರಿಕೆಯ ಸಂಪಾದಕಿಯ ಕಿವಿಗೆ ಬಿದ್ದು, ಅವಳು ನಕ್ಕು, ಹುಡುಕಿಕೊಂಡು ಬಂದು ಅವನನ್ನು ಕರೆದುಕೊಂಡು ಹೋದಳು. ಹೀಗೆ ಅವನ ಕೈಗೆ ಮತ್ತೆ ಮಸಿ ಹತ್ತಿತು.

ಈ ನಡುವೆ ಅವನಿಗಿದ್ದ ಒಂದೇ ಗುರಿ ತಾಯಿಯನ್ನು ಕರೆಸಿಕೊಳ್ಳುವುದು. ಆ ಕಚೇರಿ ಈ ಕಚೇರಿ ಎಂದು ಅಲೆದು ಚಪ್ಪಲಿ ಸವೆಸಿದ. ಅತ್ತ ಊರಿನಲ್ಲಿ ತಾಯಿ ತನ್ನ ತಂಗಿಯ ಮನೆಗೆ ಹೋಗಿ ಇದ್ದಳು. ಆ ಚಿಕ್ಕಮ್ಮನ ಪಕ್ಕದ ಮನೆಯಲ್ಲಿ ಫೋನಿತ್ತು, ಆಗಾಗ ಮಾತು ಸಿಗುತ್ತಿತ್ತು. ಅರ್ಜಿ ತಿರಸ್ಕಾರವಾಯಿತು, ಅರ್ಜಿ ಕಳೆದುಹೋಯಿತು, ಮತ್ತೆ ಹಾಕು ಎಂದು ಆಡಿಸಿ ಆಡಿಸಿ ಕೊನೆಗೊಮ್ಮೆ ಅವಳು ದೇಶ ಬಿಡಲು ಅನುಮತಿ ಬಂತು. ಗೀಚಪ್ಪ ಕಿಟಕಿ ದೊಡ್ಡದಿರುವ ಮನೆ ಹಿಡಿದ. ಇನ್ನೊಂದು ಮಂಚ ತಂದ. ಅಮ್ಮನಿಗೆ ಸೂಜಿ ಪೋಣಿಸಲು ಕಣ್ಣು ಕಾಣದು ಎಂದು ಬಗ್ಗಿಸಬಹುದಾದ ದೀಪ ತಂದು ಮೇಜಿಗೆ ಬಿಗಿದ. ಅವಳು ಗಾಡಿ ಹತ್ತಲು ಇನ್ನು ಕೆಲವೇ ವಾರ ಇತ್ತು.

ಆ ದಿನಗಳಲ್ಲೇ ಹಳೆಯ ದೇಶದಲ್ಲಿ ಯುದ್ಧಸ್ಮಾರಕ ಎದ್ದಿತು. ದೊಡ್ಡ ಕುರ್ಚಿಯ ಮನುಷ್ಯನೇ ಪರದೆ ಸರಿಸಿದ. ಅಣ್ಣನನ್ನು ಕೊಂದವನೇ ಅಣ್ಣನ ವಿಗ್ರಹ ನಿಲ್ಲಿಸಿದ್ದಾನೆ! ಸುದ್ದಿ ಓದಿ ಗೀಚಪ್ಪನ ರಕ್ತ ಕುದಿಯಿತು. ಸಂಪಾದಕಿ ಮುಖಪುಟ ಖಾಲಿ ಇಟ್ಟುಕೊಂಡು ಕಾಯುತ್ತಿದ್ದಳು. ಅವನು ಕೂತು ಬರೆದ. ಎತ್ತರದ ಕಲ್ಲಿನ ಸಿಪಾಯಿ, ಅವನ ಕಲ್ಲಿನ ಬೂಟುಗಳ ಅಟ್ಟೆ ಕಿತ್ತು ಬಾಯಿ ತೆರೆದಿದೆ, ಕೆಳಗೆ ಹೂಮಾಲೆ ಹಿಡಿದ ಕುರ್ಚಿಯ ಮನುಷ್ಯನ ಕಾಲಲ್ಲಿ ಹೊಳೆಯುವ ಹೊಸ ಬೂಟು. ಅವನು ಬರೆದದ್ದರಲ್ಲೆಲ್ಲ ಒಳ್ಳೆಯ ಚಿತ್ರ ಅದು. ಅಲ್ಲಿಗೆ ಪೆನ್ನು ಕೆಳಗಿಟ್ಟಿದ್ದರೆ ಮುಗಿಯುತ್ತಿತ್ತು.

ಆದರೆ ಬಲಗಡೆಯ ಕೆಳಮೂಲೆ ಖಾಲಿ ಕಂಡಿತು. ಈ ದೇಶದಲ್ಲಿ ಕತ್ತರಿಯಿಲ್ಲ ಎಂದು ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಯಂತ್ರ ಕಾಯುತ್ತಿದೆ, ಚಿತ್ರದಲ್ಲಿ ಏಟು ಜೋರಾಗಿದೆ, ಅದು ಪಾರಾಗಬೇಕಾದರೆ ಕತ್ತರಿಪಾಲೂ ಅಷ್ಟೇ ಜೋರಾಗಿರಬೇಕು. ವರ್ಷಗಟ್ಟಲೆ ಮಾಡಿದ ಲೆಕ್ಕ ಅದು, ಯೋಚನೆ ಮಾಡುವ ಅಗತ್ಯವೇ ಇರಲಿಲ್ಲ. ಕೈ ತಾನಾಗಿ ಅಲ್ಲಿ ಒಬ್ಬ ತಾಯಿಯನ್ನು ಕೂರಿಸಿತು. ನಾಯಿಯ ಹಾಗೆ ಮೊಣಕಾಲೂರಿ, ನಾಲಿಗೆ ಚಾಚಿ, ಪದಕಕ್ಕೆ ಕೈಯೊಡ್ಡಿದ ತಾಯಿ. ಅವಸರದಲ್ಲಿ ಕೈ ತನಗೆ ಗೊತ್ತಿದ್ದ ಮೈಯನ್ನೇ ಬರೆಯಿತು. ಬಲಭುಜ ಇಳಿದಿತ್ತು. ಬೆರಳಿಗೆ ಹೊಲಿಗೆಯ ಟೋಪಿಯಿತ್ತು. ಈ ಸಲ ಮುಖವೂ ಇತ್ತು.

ಚಿತ್ರ ಕೊಡುವಾಗ ವಾಪಸು ಯಾವಾಗ ಬರುತ್ತದೆ ಎಂದು ಅವನು ಸಂಪಾದಕಿಯನ್ನು ಕೇಳಿದ್ದ. ಅವಳು ಅಚ್ಚಾಗಿ ಬರುವುದನ್ನು ಕೇಳುತ್ತಿದ್ದಾನೆಂದು ತಿಳಿದು, ನಾಳೆ ಬೆಳಿಗ್ಗೆ ಎಂದಳು. ಅವನು ನೆಮ್ಮದಿಯಾಗಿ ಮನೆಗೆ ಹೋದ. ಬೆಳಿಗ್ಗೆ ಬೀದಿಯ ಪತ್ರಿಕೆ ಅಂಗಡಿಯಲ್ಲಿ ಸಾಲಾಗಿ ನೇತುಹಾಕಿದ್ದರು. ಅವನ ಕಣ್ಣು ಅಭ್ಯಾಸದಂತೆ ಬಿಳಿಯ ಮೂಲೆಯನ್ನು ಹುಡುಕಿತು. ಮೂಲೆ ಬಿಳಿಯಾಗಿರಲಿಲ್ಲ. ಎಲ್ಲ ಪ್ರತಿಗಳಲ್ಲೂ ಅವನ ತಾಯಿ ನಾಲಿಗೆ ಚಾಚಿಕೊಂಡು ಕೂತಿದ್ದಳು.

ಜನಕ್ಕೆ ಏನು ಹಿಡಿಸಿತು ಗೊತ್ತೇ? ಆ ಬೂಟಲ್ಲ. ಆ ಕಲ್ಲಿನ ಸಿಪಾಯಿಯಲ್ಲ. ಆ ಮೂಲೆ. ಏನು ಧೈರ್ಯ, ತ್ಯಾಗದ ಹೆಸರಿನಲ್ಲಿ ನಡೆಯುವ ಭಿಕ್ಷಾಟನೆಯನ್ನು ಎಷ್ಟು ನಿರ್ದಯವಾಗಿ ಬಯಲು ಮಾಡಿದ್ದಾನೆ ಎಂದು ತಿಳಿದವರೆಲ್ಲ ತಲೆದೂಗಿದರು. ಎಂದೂ ಒಂದು ಗುಂಡಿನ ಸದ್ದು ಕೇಳದವರು ಹುತಾತ್ಮನ ತಾಯಿಯ ದುರಾಸೆಯ ಬಗ್ಗೆ ಪ್ರಬಂಧ ಬರೆದರು. ಅದನ್ನು ಓದಿದಾಗ ಗೀಚಪ್ಪನಿಗೆ ಅವರ ಮನೆಗಳಿಗೆ ಹೋಗಿ ಕಿಟಕಿ ಒಡೆಯಬೇಕೆನಿಸಿತು. ಆದರೆ ಚಿತ್ರ ಬರೆದವನು ಯಾರು? ಮಾಡಿದ್ದುಣ್ಣೋ ಮಹಾರಾಯ.

ಗಡಿಯಾಚೆಯ ಸರ್ಕಾರ ಇನ್ನೂ ಜಾಣ. ಬೂಟು, ಸಿಪಾಯಿ, ಕುರ್ಚಿ ಎಲ್ಲವನ್ನೂ ಕತ್ತರಿಸಿಹಾಕಿ ಆ ಮೂಲೆಯನ್ನು ಮಾತ್ರ ದೊಡ್ಡದು ಮಾಡಿ ಗೋಡೆಗೋಡೆಗೆ ಅಂಟಿಸಿತು. ಇವನೇ ನೋಡಿ, ಹೆತ್ತವಳನ್ನು ನಾಯಿ ಮಾಡಿದವನು. ಮೇಲಿಂದ ಇನ್ನೊಂದು ದೊಡ್ಡತನ: ನಾವು ಈ ತಾಯಿಯನ್ನು ತಡೆಯುವುದಿಲ್ಲ, ಅನುಮತಿ ಹಾಗೇ ಇದೆ, ಇಂಥ ಮಗನ ಹತ್ತಿರ ಹೋಗಬೇಕೆಂದಿದ್ದರೆ ಅವಳು ಧಾರಾಳವಾಗಿ ಹೋಗಲಿ ಎಂದು ರೇಡಿಯೋದಲ್ಲಿ ಪ್ರಕಟಣೆ ಹೊರಟಿತು. ಹೊಸ ದೇಶದಲ್ಲಿ ಅದನ್ನು ಯಾರೂ ನಂಬಲಿಲ್ಲ. ಆ ಸರ್ಕಾರ ಯಾವತ್ತು ನಿಜ ಹೇಳಿತ್ತು? ತಾಯಿಯನ್ನು ಒತ್ತೆ ಇಟ್ಟುಕೊಂಡಿದ್ದಾರೆ ಎಂದೇ ಎಲ್ಲ ಪತ್ರಿಕೆಗಳೂ ಬರೆದವು.

ಫೋನು ಸಿಕ್ಕಿದಾಗ ಚಿಕ್ಕಮ್ಮ ಅದನ್ನು ನೇರ ಅಕ್ಕನ ಕೈಗೆ ಕೊಟ್ಟಳು. ಗೀಚಪ್ಪ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಕತ್ತರಿಪಾಲು ಎಂದರೇನು, ಅದು ಅಚ್ಚಾಗಬಾರದ್ದು, ಇಲ್ಲಿ ಕತ್ತರಿಸುವವರು ಇಲ್ಲವೆಂಬುದನ್ನು ಕೈ ಮರೆಯಿತು, ಎಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು.

"ಕತ್ತರಿಸಿ ಎಸೆಯೋಕೆ ಅಂತ ಬರೆಯುವಾಗ ನಿನಗೆ ನಾನೇ ಸಿಕ್ಕಿದ್ನಾ?" ಎಂದಳು.

ಅವನು ಕೈ ಮರೆತ ಕಥೆಯನ್ನೇ ಮತ್ತೆ ಶುರು ಮಾಡಿದ, ಅವಳು ತಡೆದಳು.

"ಅವತ್ತು ನಾನು ಯಾಕೆ ಕೈ ಚಾಚಿದೆ ಅಂತ ಈ ಭೂಮಿ ಮೇಲೆ ನಿನಗೊಬ್ಬನಿಗೇ ಗೊತ್ತಿತ್ತು. ಬೇರೆ ಯಾರಾದ್ರೂ ಬರೆದಿದ್ರೆ, ಪಾಪ ಗೊತ್ತಿಲ್ಲ ಅಂತಿದ್ದೆ."

ಅನುಮತಿ ಕೈಯಲ್ಲೇ ಇದೆ, ಯಾರೂ ತಡೆದಿಲ್ಲ, ನಾನೇ ಬರುವುದಿಲ್ಲ ಎಂದು ಅವಳು ತಣ್ಣಗೆ ತಿಳಿಸಿದಳು. ಅವನು ಮಗುವಿನ ಹಾಗೆ ಗೋಗರೆದ. ಕೊನೆಗೆ ಅವಳು ಒಂದು ದಾರಿ ಬಿಟ್ಟಳು. ಎಷ್ಟು ಜನ ಅದನ್ನು ನೋಡಿದ್ದಾರೋ ಅಷ್ಟು ಜನಕ್ಕೆ ನಿಜ ಹೇಳು. ನಾನು ಕೇಳಿದ್ದು ಏನೆಂದು ಹೇಳು. ಆಮೇಲೆ ನೋಡೋಣ.

ಅವನು ನೇರ ಸಂಪಾದಕಿಯ ಕೋಣೆಗೆ ಹೋಗಿ, ಮುಖಪುಟದಲ್ಲಿ ನಾಲ್ಕು ಸಾಲು ಅಚ್ಚು ಹಾಕಬೇಕೆಂದು ಕೇಳಿದ. ಅವಳು ಕೆಟ್ಟವಳಲ್ಲ. ನೀರು ಕೊಟ್ಟಳು, ಬೆನ್ನು ಸವರಿದಳು. ಆದರೆ ಅವರು ನಿನ್ನ ತಾಯಿಯಿಂದ ಬಲವಂತವಾಗಿ ಹೀಗೆ ಹೇಳಿಸುತ್ತಿದ್ದಾರೆ, ನೀನು ಕ್ಷಮೆ ಕೇಳಿದರೆ ಗೆಲುವು ಆ ಸರ್ಕಾರದ್ದಾಗುತ್ತದೆ, ಚಿತ್ರಕ್ಕೆ ವಿವರಣೆ ಕೊಟ್ಟರೆ ಚಿತ್ರ ಸತ್ತ ಹಾಗೆ ಎಂದಳು. ಸಾಯಲಿ ಎಂದು ಅವನು ಮೇಜು ಗುದ್ದಿದ. ಅವಳು ಒಪ್ಪಲಿಲ್ಲ. ಅಲ್ಲಿ ಕತ್ತರಿಸಬೇಡಿ ಎಂದರೂ ಕತ್ತರಿಸುತ್ತಿದ್ದರು, ಇಲ್ಲಿ ಕತ್ತರಿಸಿ ಎಂದು ಕಾಲು ಹಿಡಿದರೂ ಕತ್ತರಿಸುವವರಿಲ್ಲ. ಎರಡರ ನಡುವೆ ಅರೆದುಹೋದದ್ದು ಕಾಜಾ ಹೊಲಿಯುವ ಒಬ್ಬ ಹೆಂಗಸಿನ ಮಾನ. ಅದರ ಬಗ್ಗೆ ಯಾರೂ ಪ್ರಬಂಧ ಬರೆಯಲಿಲ್ಲ.

ಅಷ್ಟರಲ್ಲಿ ಬಹುಮಾನ ಬಂತು. ಬಂತು ಎಂದರೆ ಗಾಯದ ಮೇಲೆ ಬರೆ ಬಂದಂತೆ ಬಂತು. ಪತ್ರಕರ್ತರ ಸಂಘ ವರ್ಷಕ್ಕೊಬ್ಬರಿಗೆ ಕೊಡುವ ದಿಟ್ಟತನದ ಬಹುಮಾನ, ಅದೇ ಚಿತ್ರಕ್ಕೆ, ಅದರಲ್ಲೂ ಅದೇ ಮೂಲೆಗೆ. ಆಹ್ವಾನ ಪತ್ರಿಕೆಯ ಮೇಲೆ ತಾಯಿಯನ್ನೇ ಅಚ್ಚು ಹಾಕಿದ್ದರು. ಗೀಚಪ್ಪ ಅದನ್ನು ಹರಿದು ಬುಟ್ಟಿಗೆ ಹಾಕಿದ. ಆದರೆ ಸಮಾರಂಭ ರೇಡಿಯೋದಲ್ಲಿ ನೇರವಾಗಿ ಪ್ರಸಾರವಾಗುತ್ತದೆ, ಗಡಿಯಾಚೆಗೂ ಕೇಳಿಸುತ್ತದೆ, ಭಾಷಣದ ಒಂದು ಪದವನ್ನೂ ಯಾರೂ ಮುಟ್ಟುವುದಿಲ್ಲ ಎಂದು ಸಂಪಾದಕಿ ಹೇಳಿದಾಗ ಅವನ ಕಿವಿ ನಿಮಿರಿತು. ಪತ್ರಿಕೆ ನೋಡಿದ್ದಕ್ಕಿಂತ ಹೆಚ್ಚು ಜನ ಅದನ್ನು ಕೇಳುತ್ತಾರೆ. ತಾಯಿ ಹೇಳಿದ್ದೂ ಅದನ್ನೇ ಅಲ್ಲವೇ? ಬಹುಮಾನ ತೆಗೆದುಕೊಳ್ಳುತ್ತೇನೆ ಎಂದ.

ಮತ್ತೆ ಫೋನು ಮಾಡಿ ವಿಷಯ ತಿಳಿಸಿದ. ಚಿಕ್ಕಮ್ಮನ ರೇಡಿಯೋದಲ್ಲಿ ಆ ನಿಲಯ ಸಣ್ಣಗೆ ಹಿಡಿಯುತ್ತಿತ್ತು. ನಿನಗೆ ಈ ಭಾಷೆ ತಿಳಿಯುವುದಿಲ್ಲವಲ್ಲ ಅಮ್ಮ ಎಂದು ಅವನು ಕೇಳಿದ.

"ಭಾಷೆ ಯಾಕೆ? ನೀನು ಹೇಳಿದ ಮೇಲೆ ಜನ ಹೇಗೆ ಸುಮ್ಮನಾಗ್ತಾರೆ ಅಂತ ಕೇಳಿಸ್ಕೊಂಡ್ರೆ ಸಾಕು, ನನಗೆ ಗೊತ್ತಾಗುತ್ತೆ" ಎಂದಳು ತಾಯಿ. ಅವಳ ದನಿ ಮೊದಲ ಸಲ ಒಂದಿಷ್ಟು ಮೆತ್ತಗಾಗಿತ್ತು. ಗಾಡಿ ಯಾವ ವಾರ ಹೊರಡುತ್ತದೆ ಎಂದೂ ಕೇಳಿದಳು.

ಸಭಾಂಗಣ ಕಿಕ್ಕಿರಿದಿತ್ತು. ಮೆತ್ತನೆಯ ಕುರ್ಚಿಗಳು, ಮೇಲೆ ದೀಪದ ಗೊಂಚಲು, ವೇದಿಕೆಯ ಹಿಂದೆ ಆಳೆತ್ತರಕ್ಕೆ ಹಿಗ್ಗಿಸಿ ತೂಗುಹಾಕಿದ ಆ ಮೂಲೆ. ಅವನು ಅದಕ್ಕೆ ಬೆನ್ನು ಹಾಕಿ ನಿಂತ. ಕಲಿತ ಭಾಷೆಯ ಹರಕುಮುರುಕು ಮಾತಿನಲ್ಲಿ ಕೆಂಪು ಪೆನ್ಸಿಲ್ಲಿನಿಂದ ಶುರು ಮಾಡಿದ, ಇಲ್ಲವಾದರೆ ಮುಂದಿನದು ಅರ್ಥವಾಗುತ್ತಿರಲಿಲ್ಲ. ಚಡ್ಡಿಯ ಸೇನಾಪತಿಯ ಮಾತು ಬಂದಾಗ ಜನ ನಕ್ಕರು. ನಗಲಿ, ಅದು ನಗುವ ವಿಷಯವೇ. ನಿಮ್ಮ ದೇಶದಲ್ಲಿ ಕತ್ತರಿಯಿಲ್ಲ, ನನಗೆ ತೊಂದರೆಯಾದದ್ದು ಅದರಿಂದಲೇ ಎಂದಾಗ ಚಪ್ಪಾಳೆ ಹೊಡೆದು ನಕ್ಕರು. ಅವನು ಕೈಯೆತ್ತಿ ಬೇಡಿಕೊಂಡ. ಇದು ಹಾಸ್ಯವಲ್ಲ ಎಂದ. ವ್ಯಂಗ್ಯಚಿತ್ರಕಾರನೊಬ್ಬ ಗಂಭೀರ ಮುಖ ಮಾಡಿಕೊಂಡು ಇದು ಹಾಸ್ಯವಲ್ಲ ಎಂದರೆ ಯಾರು ನಂಬುತ್ತಾರೆ? ಮುಂದಿನ ಸಾಲಿನಲ್ಲಿ ಸಂಘದ ಅಧ್ಯಕ್ಷರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು.

ಗೀಚಪ್ಪ ಧ್ವನಿವರ್ಧಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಂದೊಂದೇ ಮಾತನ್ನು ಬಿಡಿಬಿಡಿಯಾಗಿ ಹೇಳಿದ.

"ಹಿಂದೆ ಕಾಣ್ತಿರೋ ಹೆಂಗಸು ನನ್ನ ತಾಯಿ. ಆ ಸರ್ಕಾರ ಅವಳನ್ನ ತಡೆದಿಲ್ಲ. ಅವಳೇ ನನ್ನ ಮುಖ ನೋಡಲ್ಲ ಅಂದಿದಾಳೆ. ಅವಳು ಪದಕ ಬೇಡಲಿಲ್ಲ. ಸತ್ತ ಮಗನ ಬೂಟು ಕೇಳಿದಳು."

ಆ ಸರ್ಕಾರ ತಡೆದಿಲ್ಲ ಎನ್ನುವ ಮಾತನ್ನು ಅಲ್ಲಿದ್ದವರೆಲ್ಲ ರೇಡಿಯೋದಲ್ಲಿ ಕೇಳಿದ್ದರು, ಅದು ಸುಳ್ಳೆಂದು ಅವರಿಗೆ ಖಾತ್ರಿಯಿತ್ತು. ಇವನು ಆ ಪ್ರಕಟಣೆಯನ್ನೇ ಅಣಕಿಸುತ್ತಿದ್ದಾನೆ ಎಂದುಕೊಂಡರು. ಸಭೆಗೆ ಸಭೆಯೇ ಗೊಳ್ಳೆಂದಿತು. ಬೂಟಿನ ಮಾತು ಆ ಗದ್ದಲದಲ್ಲಿ ಯಾರ ಕಿವಿಗೂ ಬೀಳಲಿಲ್ಲ.

ಅವನು ನಗು ನಿಲ್ಲುವವರೆಗೆ ಕಾದ. ನಿಂತ ಮೇಲೆ ಅದನ್ನೇ ಮೊದಲಿನಿಂದ, ಇನ್ನೂ ನಿಧಾನವಾಗಿ, ಮತ್ತೊಮ್ಮೆ ಹೇಳಿದ. ಈ ಸಲ ಇನ್ನೂ ಜೋರಾಗಿ ನಕ್ಕರು.